ಜಾವಾದ ಹಳ್ಳಿಲಿ ತಾತನ ಕಾಫಿ ತೋಟಕ್ಕೆ ಪತ್ರ ಮಾಡ್ಸಿದ್ದು

ನಮ್ಮೆಜಮಾನ್ರ ತಾತನ ತೋಟದ ಮಾಲೀಕತ್ವದ ಸರ್ಟಿಫಿಕೇಟ್ ಕೊನೆಗೂ ಕೈಗೆ ಬಂತು. ಎಲ್ಲಾ ನೆನಪಲ್ಲಿರುವಾಗ್ಲೇ ಬರೆದುಬಿಡೋಣ ಅಂತ ಕೂತಿದೀನಿ, ಯಾಕಂದ್ರೆ ನಾವು ಶುರು ಮಾಡ್ದಾಗ ಇದರ ಬಗ್ಗೆ ಕನ್ನಡದಲ್ಲಿ ನಂಗೆ ಒಂದು ಸಾಲೂ ಸಿಗ್ಲಿಲ್ಲ, ಇಂಗ್ಲಿಷಲ್ಲಿ ಸಿಕ್ಕಿದ್ದೆಲ್ಲ ಬಾಲಿಲಿ ವಿಲ್ಲಾ ತಗೊಳೋರಿಗೆ ಬರೆದಿದ್ದು. ನಂದು ಸಕಲೇಶಪುರದ ಕಡೆ. ನಮ್ಮೆಜಮಾನ್ರು ಇಂಡೋನೇಷ್ಯಾದೋರು, ಮಧ್ಯ ಜಾವಾದ ತೆಮಾಂಗ್‌ಗುಂಗ್ ಜಿಲ್ಲೆ, ಕಾಲೊರಾನ್ ಹತ್ರ ಗುಡ್ಡದ ಮೇಲಿರೋ ಒಂದು ಸಣ್ಣ ಹಳ್ಳಿ. ಇಂಡೋನೇಷ್ಯಾದವರನ್ನ ಮದುವೆ ಆಗಿರೋ ನಮ್ಮ ಕಡೆ ಹೆಣ್ಣುಮಕ್ಕಳು ಇನ್ನೂ ಕೆಲವರು ನಂಗೆ ಗೊತ್ತು, ಅವ್ರಿಗೆ ಇವತ್ತಲ್ಲ ನಾಳೆ ಇದು ಬೇಕಾಗುತ್ತೆ. ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಉಳಿದಿದ್ದು ಓದ್ದೆ ಹೋದ್ರೂ ಪರವಾಗಿಲ್ಲ: ಮನೆ ಹಿರಿಯರು ಬದುಕಿರುವಾಗ, ಅವ್ರಿಗೆ ನೆನಪು ಗಟ್ಟಿ ಇರುವಾಗ ಶುರು ಮಾಡಿ. ನಮಗಾದ ತೊಂದ್ರೆಲಿ ಮುಕ್ಕಾಲು ಪಾಲು ಸತ್ತೋರ ಸಹಿ, ಸತ್ತೋರ ಹೆಸರು, ಸತ್ತೋರು ಬಾಯಲ್ಲಿ ಹೇಳಿಹೋದ ಗಡಿ, ಇವುಗಳಿಂದಾನೇ ಬಂದಿದ್ದು.

ಊರಿನ ಬಗ್ಗೆ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಈ ಕಾಗದಪತ್ರದ ಗೋಳು ಅರ್ಥ ಆಗಲ್ಲ. ಆಕಾಶ ತಿಳಿಯಾಗಿದ್ರೆ ದೂರದಲ್ಲಿ ಸುಂಬಿಂಗ್, ಸಿಂದೊರೊ ಅಂತ ಎರಡು ಜ್ವಾಲಾಮುಖಿ ಬೆಟ್ಟ ಜೋಡಿಯಾಗಿ ಕಾಣುತ್ವೆ. ಆ ಬೆಟ್ಟದ ಮಗ್ಗುಲಲ್ಲೆಲ್ಲ ಹೊಗೆಸೊಪ್ಪು, ತೆಮಾಂಗ್‌ಗುಂಗ್ ಅಂದ್ರೆ ಇಂಡೋನೇಷ್ಯಾ ಪೂರ್ತಿ ಹೊಗೆಸೊಪ್ಪೇ ನೆನಪು ಮಾಡ್ಕೊಳೋದು. ನಮ್ಮ ಕಡೆ ಗುಡ್ಡದಲ್ಲಿ ಮಾತ್ರ ರೊಬಸ್ಟಾ ಕಾಫಿ. ಕಾಫಿ ಗಿಡದ ಮಧ್ಯೆ ನೆರಳಿಗೆ ಲಮ್ತೊರೊ ಮರ, ನೆಲದಲ್ಲಿ ಕಪುಲಾಗಾ ಅನ್ನೋ ಬಿಳಿ ಗುಂಡು ಏಲಕ್ಕಿ, ಅಲ್ಲಲ್ಲಿ ಲವಂಗ, ಬದುವಿನ ಮೇಲೆ ಸೆಂಗೊನ್ ಮರ. ಸೆಂಗೊನ್ ಐದಾರು ವರ್ಷಕ್ಕೆ ಕಡಿಯೋಕೆ ಬರುತ್ತೆ, ಮಗಳ ಮದುವೆ, ಕಾಲೇಜು ಫೀಸು, ಆಸ್ಪತ್ರೆ ಖರ್ಚು ಬಂದಾಗ ಒಂದೆರಡು ಮರ ನಿಂತಿರೋ ಹಾಗೇ ಮಾರ್ತಾರೆ. ಜೂನ್ ಜುಲೈಲಿ ಮನೆ ಮುಂದೆ ಟಾರ್ಪಲ್ ಹಾಸಿ ಕಾಫಿ ಹಣ್ಣು ಒಣಗಿಸ್ತಾರಲ್ಲ ಆ ವಾಸನೆ ಬಂದ್ರೆ ನಂಗೆ ಸೀದಾ ತವರುಮನೆ ಕಣವೇ ನೆನಪಾಗೋದು. ಹಳ್ಳಿಲಿ ಮಸೀದಿನೂ ಇದೆ ಬೌದ್ಧ ವಿಹಾರನೂ ಇದೆ, ಕಾಲೊರಾನ್ ಭಾಗದಲ್ಲಿ ಬೌದ್ಧರು ತುಂಬಾ ಜನ ಇದ್ದಾರೆ, ಹೊರಗಿನೋರಿಗೆ ಇದು ಗೊತ್ತಿರಲ್ಲ. ಯಾರ ಮನೇಲಿ ಕಾರ್ಯ ಆದ್ರೂ ಎಲ್ಲರ ಮನೆ ಹೆಂಗಸರೂ ಅಡುಗೆಗೆ ಹೋಗ್ತಾರೆ, ನಾನೂ ಹೋಗ್ತೀನಿ, ಈರುಳ್ಳಿ ಸುಲೀತಾ ಕೂತಾಗ ಅರ್ಧ ಊರಿನ ಜಮೀನಿನ ಚರಿತ್ರೆ ಕಿವಿಗೆ ಬಿದ್ದಿರುತ್ತೆ.

ಜಮೀನು ಅಂದ್ರೆ ಎಲ್ಲಾ ಚೂರು ಚೂರು. ನಮ್ಮತ್ತೆ ಮನೆದು ಮನೆ ಜಾಗ, ಅದರ ಹಿಂದೆ ಸುಮಾರು ಇಪ್ಪತ್ತು ಗುಂಟೆ ಕಾಫಿ, ಕೆಳಗೆ ಹಳ್ಳದ ಹತ್ರ ಒಂದು ಪುಟ್ಟ ಗದ್ದೆ, ಅಷ್ಟೇ. ಜಾವಾದಲ್ಲಿ ಬಹಳಷ್ಟು ರೈತರ ಹತ್ರ ಇರೋದು ಅರ್ಧ ಹೆಕ್ಟೇರಿಗಿಂತ ಕಮ್ಮಿ. 1960ರಲ್ಲೇ ಒಂದು ಕಾನೂನು ಮಾಡಿ ಒಂದು ರೈತ ಕುಟುಂಬಕ್ಕೆ ಕನಿಷ್ಠ 2 ಹೆಕ್ಟೇರ್ ಇರೋ ಹಾಗೆ ಸರ್ಕಾರ ನೋಡ್ಕೋಬೇಕು ಅಂತ ಬರೆದಿದ್ದಾರೆ, ಆದ್ರೆ ನಮ್ಮ ಹಳ್ಳಿಲಿ ಅಷ್ಟು ಇರೋ ಮನೆ ಹುಡುಕಬೇಕು. ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಕ್ಕಳಿಗೆ ಹಂಚ್ತಾ ಹಂಚ್ತಾ ಬಂದಿದ್ದು, ಅದೂ ಬರೀ ಬಾಯಿಮಾತಲ್ಲಿ. "ಈ ಹಲಸಿನ ಮರದಿಂದ ಆ ಬಿದಿರು ಮೆಳೆ ತನಕ ನಿಂದು" ಅಂತ ತಾತ ಹೇಳಿದ್ರೆ ಮುಗೀತು, ಯಾರೂ ತಕರಾರು ತೆಗೀತಿರ್ಲಿಲ್ಲ.

ಹಾಗಾದ್ರೆ ದಾಖಲೆ ಏನಿತ್ತು ಅಂದ್ರೆ ಗ್ರಾಮ ಕಚೇರಿಲಿ ಲೆಟರ್ ಸಿ ಅಂತ ಒಂದು ಹಳೇ ದಪ್ಪ ಪುಸ್ತಕ. ಕಂದಾಯ ವಸೂಲಿಗೆ ಅಂತ ಹಿಂದಿನ ಕಾಲದಿಂದ ಇಟ್ಕೊಂಡು ಬಂದಿರೋದು, ಊರಿನ ಕಾರ್ಯದರ್ಶಿ, ಅಲ್ಲಿ ಚಾರಿಕ್ ಅಂತಾರೆ, ಅವ್ರ ಕಪಾಟಲ್ಲಿರುತ್ತೆ. ಅದರಲ್ಲಿ ಹೆಸರು, ಪರ್ಸಿಲ್ ಅಂದ್ರೆ ಜಮೀನು ತುಂಡಿನ ನಂಬರು, ಗದ್ದೆನೋ ಒಣಭೂಮಿನೋ, ಯಾವ ದರ್ಜೆ, ಎಷ್ಟು ಅಳತೆ ಅಂತ ಕೈಬರಹದಲ್ಲಿ ಇದೆ. ನಮ್ಮ ಪಹಣಿ ತರ ಅಂದ್ಕೊಬೇಡಿ, ಪಹಣಿ ಕಂಪ್ಯೂಟರಲ್ಲಿ ಬರುತ್ತೆ, ಸರ್ವೆ ನಕಾಶೆ ಬೇರೆ ಇರುತ್ತೆ, ಇಲ್ಲಿ ಲೆಟರ್ ಸಿಗೆ ನಕಾಶೆನೇ ಇಲ್ಲ. ವರ್ಷಾ ವರ್ಷ ಕಂದಾಯದ ಚೀಟಿ ಬರುತ್ತೆ, ಎಸ್‌ಪಿಪಿಟಿ ಅಂತ, ಅದನ್ನ ಜನ ಜೋಪಾನವಾಗಿ ಪ್ಲಾಸ್ಟಿಕ್ ಕವರಲ್ಲಿ ಇಟ್ಕೊಂಡಿರ್ತಾರೆ. ಆದ್ರೆ ಲೆಟರ್ ಸಿನೂ ಎಸ್‌ಪಿಪಿಟಿನೂ ಎರಡೂ ಮಾಲೀಕತ್ವದ ಪತ್ರ ಅಲ್ಲ, ಅದನ್ನ ಚೆನ್ನಾಗಿ ತಲೇಲಿಟ್ಕೊಳಿ. ಮಾಲೀಕತ್ವ ಅಂದ್ರೆ ಹಕ್ ಮಿಲಿಕ್ ಸರ್ಟಿಫಿಕೇಟ್ ಮಾತ್ರ, ಅದು ಕೊಡೋದು ಬಿಪಿಎನ್, ಅಂದ್ರೆ ರಾಷ್ಟ್ರೀಯ ಭೂ ಇಲಾಖೆ.

ಇಷ್ಟು ದಿನ ಇಲ್ಲದ ಅವಸರ ಯಾಕೆ ಬಂತು ಅಂದ್ರೆ, 2021ರ ಒಂದು ಸರ್ಕಾರಿ ನಿಯಮ ಇದೆ, 18ನೇ ನಂಬರಿನದು, ಅದರ ಪ್ರಕಾರ ಲೆಟರ್ ಸಿ, ಗಿರಿಕ್ ಮುಂತಾದ ಹಳೇ ಕಾಗದ ಇರೋ ಜಮೀನನ್ನೆಲ್ಲ 5 ವರ್ಷದೊಳಗೆ ನೋಂದಣಿ ಮಾಡ್ಸಬೇಕಿತ್ತು. 2026ರ ಫೆಬ್ರವರಿ 2ಕ್ಕೆ ಆ ಗಡುವು. ಅದಾದ್ಮೇಲೆ ಆ ಕಾಗದ ಸಾಕ್ಷಿಯಾಗಿ ನಡೆಯಲ್ಲ, ಬರೀ ಸುಳಿವು ಅಂತ ನೋಡ್ತಾರೆ. ಇದು ಊರಿಗೆ ಬರೋ ಹೊತ್ತಿಗೆ "ಗಡುವು ಮೀರಿದ್ರೆ ಸರ್ಕಾರ ಜಮೀನು ಕಿತ್ಕೊಳುತ್ತಂತೆ" ಅಂತ ಆಗಿಹೋಗಿತ್ತು. ಹಂಗೇನಿಲ್ಲ, ಜಮೀನಲ್ಲಿ ನೀವಿದ್ದು ಉಳುಮೆ ಮಾಡ್ತಿದ್ರೆ ನೋಂದಣಿಗೆ ದಾರಿ ಇದ್ದೇ ಇರುತ್ತೆ, ಆದ್ರೆ ಸಾಕ್ಷಿ ಹೊಂದಿಸೋ ಕಷ್ಟ ಜಾಸ್ತಿ ಆಗುತ್ತೆ. ಅತ್ತೆ ಮಾತ್ರ ಆ ಗಾಳಿಸುದ್ದಿ ಕೇಳಿ ರಾತ್ರಿ ನಿದ್ದೆನೇ ಮಾಡ್ತಿರ್ಲಿಲ್ಲ.

ಸರಿ, ಶುರು ಆಗಿದ್ದು ಹೇಗೆ ಅಂದ್ರೆ, ಜಾವಾದಲ್ಲಿ ಹಳ್ಳಿ ಮೀಟಿಂಗು 35 ದಿನಕ್ಕೊಂದ್ಸಲ ಆಗುತ್ತೆ, ಅವರ ಐದು ದಿನದ ಸಂತೆ ವಾರ ಮತ್ತೆ ನಮ್ಮ ಏಳು ದಿನದ ವಾರ ಎರಡೂ ಕೂಡಿ ಬರೋ ಲೆಕ್ಕ ಅದು. ಅಂಥ ಒಂದು ಮೀಟಿಂಗಲ್ಲಿ ಪಿಟಿಎಸ್‌ಎಲ್ ನಮ್ಮೂರಿಗೂ ಬಂತು ಅಂತ ಹೇಳಿದ್ರು. ಪಿಟಿಎಸ್‌ಎಲ್ ಅಂದ್ರೆ ಊರಿಗೆ ಊರೇ ಅಳೆದು ಒಟ್ಟಿಗೆ ಸರ್ಟಿಫಿಕೇಟ್ ಕೊಡೋ ಸ್ಕೀಮು, 2017ರಿಂದ ನಡೀತಿದೆ. ಅಳತೆ, ಸರ್ಟಿಫಿಕೇಟ್ ಖರ್ಚು ಸರ್ಕಾರದ್ದು. ಗಡಿ ಕಲ್ಲು, ಸ್ಟಾಂಪು, ಊರಿನ ಸಿಬ್ಬಂದಿ ಓಡಾಟ ಇದಕ್ಕೆ ನಾವು ಕೊಡ್ಬೇಕು, ಮೂರು ಮಂತ್ರಿಗಳು ಸೇರಿ ಮಾಡಿದ ಆದೇಶದ ಪ್ರಕಾರ ಜಾವಾ ಮತ್ತೆ ಬಾಲಿಲಿ ಒಂದು ತುಂಡಿಗೆ 1,50,000 ರೂಪಿಯಾ. ಗಾಬರಿ ಆಗ್ಬೇಡಿ, ನಮ್ಮ ಒಂದು ರೂಪಾಯಿಗೆ ಅಲ್ಲಿ ಸುಮಾರು 190 ಬರುತ್ತೆ, ಅಂದ್ರೆ ಹತ್ರಹತ್ರ ಎಂಟುನೂರು ರೂಪಾಯಿ. ನೀವೇ ಒಂಟಿಯಾಗಿ ಹೋಗಿ ಮಾಡ್ಸಿದ್ರೆ ಇದರ ಎಷ್ಟೋ ಪಟ್ಟು ಆಗುತ್ತೆ, ಅದಕ್ಕೆ ನಿಮ್ಮೂರಿಗೆ ಈ ಸ್ಕೀಮು ಬಂದ್ರೆ ಮೊದಲ ದಿನವೇ ಹೆಸರು ಬರೆಸಿ.

ಕೇಳಿದ ಕಾಗದ ನೋಡೋಕೆ ಸುಲಭ. ಇವರ ಕೆಟಿಪಿ ಅಂದ್ರೆ ಗುರುತಿನ ಚೀಟಿ, ಕೆಕೆ ಅಂದ್ರೆ ಕುಟುಂಬದ ಕಾರ್ಡು, ಕಂದಾಯ ಚೀಟಿ, ಲೆಟರ್ ಸಿ ನಕಲು, ಗಡಿ ಒಪ್ಪಿಗೆ ಪತ್ರ, ಪಿತ್ರಾರ್ಜಿತ ಆದ್ರೆ ವಾರಸುದಾರರ ಪತ್ರ. ಚಾರಿಕ್ ಪುಸ್ತಕ ತೆಗೆದು ಒಂದೊಂದೇ ಹಾಳೆ ತಿರುವಿದ್ರು, ಮಾವನ ಹೆಸರಲ್ಲಿ ಏನೂ ಇಲ್ಲ. ತಾತನ ಹೆಸರಲ್ಲೂ ಇಲ್ಲ! ಅತ್ತೆ ಮುಖ ಬಿಳಿಚಿಕೊಂಡುಬಿಡ್ತು.

ಆಮೇಲೆ ಗೊತ್ತಾಗಿದ್ದು ಏನಂದ್ರೆ, ಹಳೇ ಕಾಲದ ಜಾವಾದಲ್ಲಿ ಗಂಡಸರಿಗೆ ಮದುವೆ ಆದ್ಮೇಲೆ ದೊಡ್ಡೋರ ಹೆಸರು ಅಂತ ಹೊಸದೊಂದು ಇಡ್ತಿದ್ರು. ತಾತ ಜಮೀನು ಪಡೆದಿದ್ದು ಹುಡುಗನಾಗಿದ್ದಾಗ, ಪುಸ್ತಕದಲ್ಲಿರೋದು ಚಿಕ್ಕಂದಿನ ಹೆಸರು. ಅದೂ ಡಚ್ಚರ ಕಾಲದ ಸ್ಪೆಲ್ಲಿಂಗಲ್ಲಿ, 'ಉ' ಬರೆಯೋಕೆ ಓ-ಇ ಎರಡಕ್ಷರ, 'ಚ' ಬರೆಯೋಕೆ ಟಿ-ಜೆ. 1947ರಲ್ಲಿ ಒಂದ್ಸಲ, 1972ರಲ್ಲಿ ಇನ್ನೊಂದ್ಸಲ ಸ್ಪೆಲ್ಲಿಂಗ್ ಬದಲಾಗಿದೆ, ಹಾಗಾಗಿ ತಾತನ ಮರಣ ದಾಖಲೆಲಿ ಇರೋ ಹೆಸರಿಗೂ ಪುಸ್ತಕದ ಹೆಸರಿಗೂ ಸಂಬಂಧನೇ ಕಾಣಲ್ಲ. ಇಬ್ಬರೂ ಒಬ್ಬರೇ ಅಂತ ಯಾರು ಹೇಳ್ಬೇಕು? ಊರಲ್ಲಿ ತೊಂಬತ್ತರ ಹತ್ರ ಬಂದಿರೋ ಒಬ್ಬರು ಅಜ್ಜಿ ಇದ್ರು, ತಾತನ ಮನೆ ಪಕ್ಕದೋರು. ಅವ್ರ ಮನೆಗೆ ಹೋಗಿ ಚಾರಿಕ್ ಆ ಹಳೇ ಹೆಸರು ಓದಿದ್ರು. ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, "ಓ ಅವನಾ, ಎಮ್ಮೆ ಕಾಯೋಕೆ ನಮ್ಮ ಅಣ್ಣನ ಜೊತೆ ಬರ್ತಿದ್ದನಲ್ಲ" ಅಂದ್ರು. ಇವ್ರ ಕಣ್ಣಲ್ಲಿ ನೀರು ಬಂತು, ತಾತನ ಹುಡುಗತನದ ಬಗ್ಗೆ ಇವ್ರು ಕೇಳಿದ ಮೊದಲ ಮಾತು ಅದು. ಆ ಅಜ್ಜಿ ಹೆಬ್ಬೆಟ್ಟು ಒತ್ತಿದ ಮೇಲೆ, ಇನ್ನೊಬ್ಬ ಸಾಕ್ಷಿ ಸಿಕ್ಕಿದ ಮೇಲೆ, ಎರಡು ಹೆಸರೂ ಒಬ್ಬರದ್ದೇ ಅಂತ ಗ್ರಾಮದ ಮುಖ್ಯಸ್ಥರು ಪತ್ರ ಕೊಟ್ರು. ನೀವು ಕೆಲಸ ಶುರು ಮಾಡೋ ಮುಂಚೆ ಮನೆ ಹಿರಿಯರ ಎಲ್ಲಾ ಹೆಸರು, ಚಿಕ್ಕಂದಿನದ್ದು, ದೊಡ್ಡಾದ ಮೇಲಿಂದು, ಊರಲ್ಲಿ ಕರೆಯೋದು, ಎಲ್ಲಾ ಬರೆದಿಟ್ಕೊಳಿ. ಅಜ್ಜಿ ಆ ಮಳೆಗಾಲ ಕಳೆಯೋಕೆ ಮುಂಚೆನೇ ತೀರ್ಕೊಂಡ್ರು.

ಮುಂದಿನದ್ದು ವಾರಸುದಾರರ ಪತ್ರ. ನಮ್ಮಲ್ಲಿ ವಂಶವೃಕ್ಷ ಮಾಡ್ಸಿದ ಹಾಗೇ, ವಾರಸುದಾರರೆಲ್ಲ ಸಹಿ ಹಾಕಿ, ಇಬ್ಬರು ಸಾಕ್ಷಿ, ಗ್ರಾಮ ಮುಖ್ಯಸ್ಥರು, ಆಮೇಲೆ ತಾಲ್ಲೂಕು ಮಟ್ಟದ ಚಾಮತ್ ದೃಢೀಕರಣ. ಪುಸ್ತಕದಲ್ಲಿ ತಾತನ ಹೆಸರಿರೋದ್ರಿಂದ ತಾತನ ಮಕ್ಕಳೆಲ್ಲ ಬೇಕು. ಮೂರು ಜನ: ದೊಡ್ಡಪ್ಪ (ಪಾಕ್‌ದೆ ಅಂತೀವಿ), ಮಾವ, ಕೊನೇದು ಸೋದರತ್ತೆ, ಬುಲಿಕ್. ಮಾವ ಇಲ್ಲ, ಅವರ ಬದಲು ಇವ್ರು, ಇವ್ರ ತಂಗಿ, ಅತ್ತೆ. ಬುಲಿಕ್ 1970ರ ದಶಕದಲ್ಲೇ ಮದುವೆ ಆಗಿ ಗಂಡನ ಜೊತೆ ಟ್ರಾನ್ಸ್‌ಮಿಗ್ರಾಸಿಲಿ, ಅಂದ್ರೆ ಜಾವಾದ ಜನರನ್ನ ಬೇರೆ ದ್ವೀಪಕ್ಕೆ ಕಳಿಸೋ ಸರ್ಕಾರಿ ಯೋಜನೆಲಿ, ಸುಮಾತ್ರಾದ ಲಾಂಪುಂಗ್‌ಗೆ ಹೋದೋರು. ಈ ಭಾಗದವರಿಗೆ ಲಾಂಪುಂಗ್ ಹೊಸದಲ್ಲ, 1905ರಲ್ಲಿ ಡಚ್ಚರು ಮೊಟ್ಟಮೊದಲು ಜಾವಾದಿಂದ ಜನ ಸಾಗಿಸಿದ್ದು ಈ ಕೆದು ಪ್ರಾಂತ್ಯದಿಂದ ಲಾಂಪುಂಗಿಗೇ. ಸರ್ಕಾರ ಒಂದು ಕುಟುಂಬಕ್ಕೆ 2 ಹೆಕ್ಟೇರ್ ಕೊಡ್ತಿತ್ತು, ಬುಲಿಕ್ ಮನೆಲಿ ಈಗ ರಬ್ಬರು, ಮರಗೆಣಸು ಎಲ್ಲಾ ಇದೆ, ಇಲ್ಲಿ ಎಲ್ಲರದ್ದೂ ಸೇರಿಸಿದ್ರೂ ಅವರಷ್ಟು ಇಲ್ಲ. ಆದ್ರೂ ತವರಿನ ಪಾಲು ತವರಿನ ಪಾಲೇ. ಅವರ ಪಾಲಿನ ತೋಟವನ್ನ ಇಷ್ಟು ವರ್ಷ ನಮ್ಮತ್ತೆ ಮನೆಯೋರು ಅರ್ಧ ಪಾಲಿಗೆ ಮಾಡ್ತಿದ್ರು, ಮಾರೊ ಅಂತ ಕರೀತಾರೆ, ಫಸಲಲ್ಲಿ ಅರ್ಧ ದುಡ್ಡು ಪ್ರತಿ ವರ್ಷ ಕಳಿಸ್ತಿದ್ರು.

ಪಾಲು ಹೇಗೆ ಅನ್ನೋದೇ ದೊಡ್ಡ ಮಾತಾಯ್ತು. ಜಾವಾದಲ್ಲಿ ಎರಡು ಪದ್ಧತಿ ಇದೆ, ಗಂಡಿಗೆ ಎರಡು ಪಾಲು ಹೆಣ್ಣಿಗೆ ಒಂದು ಅನ್ನೋದು ಒಂದು, ಕಲ್ಲಂಗಡಿ ಸೀಳಿದ ಹಾಗೆ ಸಮಪಾಲು ಅನ್ನೋದು ಇನ್ನೊಂದು. ತಾತ ಸಮಪಾಲು ಅಂತ ಹೇಳಿದ್ದು ಅಂತ ಅತ್ತೆ, ಎರಡು-ಒಂದು ಅಂತ ಪಾಕ್‌ದೆ. ಅದರ ಮೇಲೆ ಮಾವ ಹೋಗಿ ಸಾವಿರ ದಿನ ಆಗಿರ್ಲಿಲ್ಲ. ಇಲ್ಲಿ ಸತ್ತೋರಿಗೆ 7, 40, 100 ದಿನ, ಒಂದು ವರ್ಷ, ಎರಡು ವರ್ಷ, ಕೊನೆಗೆ 1000ನೇ ದಿನ ಊಟ ಹಾಕ್ತಾರೆ, ಅದು ಮುಗಿಯೋ ತನಕ ಆಸ್ತಿ ಮಾತೇ ಬೇಡ ಅಂತ ಪಾಕ್‌ದೆ ಪಟ್ಟು ಹಿಡಿದ್ರು. ನಂಗೆ ಮೊದಮೊದಲು ಸಿಟ್ಟು ಬಂದಿದ್ದು ನಿಜ, ಗಡುವು ಹತ್ರ ಬರ್ತಿದೆ ಇವ್ರು ಹೀಗಂತಾರಲ್ಲ ಅಂತ. ಆದ್ರೆ ಒಡಹುಟ್ಟಿದ ತಮ್ಮನನ್ನ ಕಳ್ಕೊಂಡೋರು ಅವ್ರು, ಅವ್ರಿಗೆ ಕಾಯ್ಬೇಕು ಅನ್ಸಿದ್ದು ತಪ್ಪಲ್ಲ. ಕಾದ್ವಿ. ಆ ವರ್ಷದ ಪಟ್ಟಿಲಿ ನಮ್ಮ ತೋಟ ಕೆ3 ಅಂತ ಹೋಯ್ತು, ಅಂದ್ರೆ ಅಳೆದು ನಕಾಶೆಗೆ ಸೇರಿಸ್ತಾರೆ, ದಾಖಲೆ ಪೂರ್ತಿ ಇಲ್ಲದ್ದಕ್ಕೆ ಸರ್ಟಿಫಿಕೇಟ್ ಕೊಡಲ್ಲ. ಕೆ3 ಬಂದ್ರೆ ಎದೆಗುಂದಬೇಡಿ, ಕಾಗದ ಸರಿ ಮಾಡಿದ್ಮೇಲೆ ಮುಂದೆ ತಗೋಬಹುದು.

ಈಗ ಈ ಎಲ್ಲದರಲ್ಲಿ ನನ್ನ ಮನಸ್ಸಿಗೆ ತುಂಬಾ ತಟ್ಟಿದ ವಿಷಯ. ಪಾಕ್‌ದೆ ಒಪ್ಪದೇ ಇದ್ದಿದ್ದಕ್ಕೆ ಸಾವಿರ ದಿನ ಒಂದೇ ಕಾರಣ ಅಲ್ಲ, ನಾನೂ ಒಂದು ಕಾರಣ. ಅಡುಗೆ ಕೆಲಸದಲ್ಲಿ ಯಾರೋ ಹೇಳಿದ್ರು, "ಪತ್ರ ಅವನ ಹೆಸರಿಗಾದ್ರೆ ನಾಳೆ ಇಂಡಿಯಾದೋಳ ಪಾಲಾಗುತ್ತೆ ಅಂತ ನಿಮ್ಮ ಪಾಕ್‌ದೆಗೆ ಭಯ" ಅಂತ. ಆವತ್ತು ರಾತ್ರಿ ನಾನು ತುಂಬಾ ಕಣ್ಣೀರು ಹಾಕ್ದೆ. ಆದ್ರೆ ಕಾನೂನು ಓದಿದ್ಮೇಲೆ ಅವ್ರ ಭಯ ಬರೀ ಕಲ್ಪನೆ ಅಲ್ಲ ಅಂತ ಗೊತ್ತಾಯ್ತು. 1960ರ ಕೃಷಿ ಭೂಮಿ ಮೂಲ ಕಾನೂನಿನ 21ನೇ ಕಲಂ ಪ್ರಕಾರ ಹಕ್ ಮಿಲಿಕ್ ಇಂಡೋನೇಷ್ಯಾ ಪೌರರಿಗೆ ಮಾತ್ರ. ವಿದೇಶಿಗೆ ವಾರಸಿನಿಂದಲೋ, ಮದುವೆಯ ಜಂಟಿ ಆಸ್ತಿ ಅಂತಲೋ ಆ ಹಕ್ಕು ಬಂದ್ರೆ 1 ವರ್ಷದೊಳಗೆ ಬಿಟ್ಟುಕೊಡ್ಬೇಕು, ಇಲ್ಲಾಂದ್ರೆ ಹಕ್ಕು ರದ್ದಾಗಿ ಭೂಮಿ ಸರ್ಕಾರಕ್ಕೆ.

ನೋಟರಿ ಹೆಂಗಸು ನಮಗೆ ಬಿಡಿಸಿ ಹೇಳಿದ್ದು ಹೀಗೆ. 1974ರ ಮದುವೆ ಕಾನೂನಲ್ಲಿ ಪಿತ್ರಾರ್ಜಿತವಾಗಿ ಬಂದದ್ದು ಅವರವರ ಸ್ವಂತದ್ದು, ಜಂಟಿ ಆಸ್ತಿ ಅಲ್ಲ. ಹಾಗಾಗಿ ತಾತನಿಂದ ಬಂದ ಪಾಲಿಗೆ ನಾನು ವಿದೇಶಿ ಅನ್ನೋದು ಅಡ್ಡ ಬರಲ್ಲ. ಆದ್ರೆ ಬುಲಿಕ್ ತಮ್ಮ ಪಾಲನ್ನ ಇವ್ರಿಗೇ ಮಾರ್ತೀನಿ ಅಂತಿದ್ರು, ಅದು ಮದುವೆ ಆದ್ಮೇಲೆ ಕೊಂಡಿದ್ದು, ಅದು ಜಂಟಿ ಆಸ್ತಿ, ಅರ್ಧ ನಂದು ಅಂತಾಗುತ್ತೆ, ಆಗ ತೊಂದ್ರೆ. ದಾರಿ ಏನಂದ್ರೆ ಆಸ್ತಿ ಬೇರೆ ಬೇರೆ ಅನ್ನೋ ಮದುವೆ ಒಪ್ಪಂದ. ಮೊದಲೆಲ್ಲ ಇದನ್ನ ಮದುವೆಗೆ ಮುಂಚೆನೇ ಮಾಡ್ಬೇಕಿತ್ತು, ಮಾಡಿಲ್ದೋರು ಕೊಳ್ಳೋ ಹಾಗೇ ಇರ್ಲಿಲ್ಲ. ವಿದೇಶಿಯನ್ನ ಮದುವೆ ಆದ ಒಬ್ಬ ಇಂಡೋನೇಷ್ಯಾ ಹೆಂಗಸು ಸಾಂವಿಧಾನಿಕ ಕೋರ್ಟಿಗೆ ಹೋಗಿ, 2016ರ ಅಕ್ಟೋಬರಲ್ಲಿ ತೀರ್ಪು ಬಂತು, ಮದುವೆ ಆದ್ಮೇಲೂ ಮಾಡ್ಕೋಬಹುದು ಅಂತ. ಕೇಸ್ ನಂಬರ್ 69, 2015ನೇ ಇಸವಿದು. ನೋಟರಿ ಹತ್ರ ಹೋದಾಗ ಈ ನಂಬರ್ ಹೇಳಿ, ಬೇಗ ಮಾತು ಮುಂದುವರಿಯುತ್ತೆ.

ಆ ಒಪ್ಪಂದಕ್ಕೆ ನಮ್ಮ ಮದುವೆ ಇಲ್ಲಿ ದಾಖಲಾಗಿರ್ಬೇಕು. ನಾವು ಬೆಂಗಳೂರಲ್ಲಿ ಸ್ಪೆಷಲ್ ಮ್ಯಾರೇಜ್ ಆಕ್ಟ್‌ನಲ್ಲಿ ರಿಜಿಸ್ಟರ್ ಆಗಿದ್ದು. ಹೊರದೇಶದಲ್ಲಿ ಆದ ಮದುವೆಯನ್ನ ಇಂಡೋನೇಷ್ಯಾಗೆ ವಾಪಸ್ ಬಂದು 30 ದಿನದೊಳಗೆ ದುಕ್‌ಚಾಪಿಲ್ ಅನ್ನೋ ನಾಗರಿಕ ನೋಂದಣಿ ಕಚೇರಿಲಿ ಬರೆಸ್ಬೇಕು, ಅದನ್ನ ನಾವು ಮಾಡಿದ್ವಿ, ಅದೊಂದು ನಮ್ಮ ಪುಣ್ಯ. ಕನ್ನಡದೋರು ಗಮನಿಸಿ: ಮದುವೆ ಸರ್ಟಿಫಿಕೇಟಿಗೆ ಮೊದಲು ಕರ್ನಾಟಕದಲ್ಲಿ ದೃಢೀಕರಣ, ಆಮೇಲೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್, ಅಂದ್ರೆ ಹೊರದೇಶದಲ್ಲೂ ಒಪ್ಪೋ ದೃಢೀಕರಣದ ಮುದ್ರೆ. ಇಂಡೋನೇಷ್ಯಾ 2022ರ ಜೂನ್ 4ರಿಂದ ಅಪೊಸ್ಟಿಲ್ ಒಪ್ಪುತ್ತೆ, ಅದಕ್ಕೆ ಮುಂಚಿನ ಬರಹಗಳಲ್ಲಿ ರಾಯಭಾರ ಕಚೇರಿ ಮುದ್ರೆ ಬೇಕು ಅಂತೆಲ್ಲ ಇರುತ್ತೆ, ಅದನ್ನ ಓದಿ ತಲೆಕೆಡಿಸ್ಕೋಬೇಡಿ. ಆಮೇಲೆ ಪ್ರಮಾಣ ಮಾಡಿದ ಅನುವಾದಕರಿಂದಲೇ ಇಂಡೋನೇಷ್ಯಾ ಭಾಷೆಗೆ ಮಾಡ್ಸಬೇಕು. ನಮ್ಮ ಪತ್ರದಲ್ಲಿ ಸೀಲು ಕನ್ನಡದಲ್ಲಿತ್ತು, ಅನುವಾದಕರಿಗೆ ಇಂಗ್ಲಿಷ್ ಮಾತ್ರ ಬರ್ತಿತ್ತು, ಅದಕ್ಕೆ ಊರಿಂದ ಇಂಗ್ಲಿಷ್ ಪ್ರತಿ ಬೇರೆ ತರಿಸಿ ಮತ್ತೆ ಕಾಯೋ ಹಾಗಾಯ್ತು. ಸೀಲೂ ಸೇರಿ ಪೂರ್ತಿ ಇಂಗ್ಲಿಷಲ್ಲಿರೋ ಪ್ರತಿ ಮೊದಲೇ ತಗೊಂಡ್ಬಿಡಿ.

ನೋಟರಿ ಫೀಸು ಮೂರೂವರೆ ಮಿಲಿಯನ್ ರೂಪಿಯಾ, ನಮ್ಮ ಲೆಕ್ಕದಲ್ಲಿ ಹದಿನೆಂಟು ಸಾವಿರ ರೂಪಾಯಿ ಮೇಲೆ. ಇಡೀ ಪ್ರಕರಣದಲ್ಲಿ ಒಂದೇ ಸಲಕ್ಕೆ ಜಾಸ್ತಿ ಕೊಟ್ಟಿದ್ದು ಇದಕ್ಕೇ. "ಗಂಡನ ಆಸ್ತಿ ಮೇಲೆ ನನಗೆ ಹಕ್ಕಿಲ್ಲ" ಅಂತ ಬರೆದಿರೋ ಹಾಳೆಗೆ ನಾನೇ ಸಹಿ ಹಾಕ್ಬೇಕು. ಹತ್ತು ಸಾವಿರ ರೂಪಿಯಾದ ಸ್ಟಾಂಪಿನ ಮೇಲೆ ಪೆನ್ನಿಟ್ಟಾಗ ಕೈ ನಡುಗ್ತು, ಸುಳ್ಳು ಹೇಳಲ್ಲ. ತೋಟದಲ್ಲಿ ಗಿಡ ಕಸಿ ಮಾಡಿದ್ದು ನಾನು, ಹಣ್ಣು ಕುಯ್ದಿದ್ದು ನಾನು. ಇವ್ರು ಪಕ್ಕದಲ್ಲಿ ಕೂತು, ನಿಮ್ಮೂರಲ್ಲಿ ನಾನೂ ನಿಮ್ಮಪ್ಪನ ತೋಟದಲ್ಲಿ ಒಂದು ಗುಂಟೆ ಕೊಂಡ್ಕೊಳೋಕಾಗಲ್ಲ ಅಲ್ವಾ ಅಂದ್ರು. ಅದೂ ನಿಜ, ವಿದೇಶಿಯರು ನಮ್ಮಲ್ಲೂ ಕೃಷಿ ಭೂಮಿ ತಗೊಳೋ ಹಾಗಿಲ್ಲ. ನಮ್ಮ ಮಗಳು ಇಂಡೋನೇಷ್ಯಾ ಪೌರಳು, ಇವ್ರಿಂದ ಅವಳಿಗೆ ಸೀದಾ ಹೋಗುತ್ತೆ, ಅಷ್ಟು ಸಮಾಧಾನ ಮಾಡ್ಕೊಂಡು ಸಹಿ ಹಾಕ್ದೆ. ಆ ಪತ್ರದ ನಕಲು ತಗೊಂಡು ಹೋಗಿ ಪಾಕ್‌ದೆಗೆ ನಾನೇ ತೋರಿಸ್ದೆ. ಅವ್ರು ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ, ಏನೂ ಮಾತಾಡ್ದೆ ಒಳಗೆ ಹೋಗಿ ಬಿಸಿ ಚಹಾ ತಂದುಕೊಟ್ಟು, "ನ್ದುಕ್, ಪಾಲು ಸಮನಾಗೇ ಇರ್ಲಿ" ಅಂದ್ರು. ನ್ದುಕ್ ಅಂತ ಅವ್ರು ತಮ್ಮ ಹೆಣ್ಣುಮಕ್ಕಳನ್ನ ಮಾತ್ರ ಕರೀತಿದ್ರು.

ಮಾವನ ಸಾವಿರ ದಿನದ ಊಟಕ್ಕೆ ಬುಲಿಕ್ ಲಾಂಪುಂಗಿಂದ ಬಸ್ಸು, ಹಡಗು, ಮತ್ತೆ ಬಸ್ಸು ಹಿಡಿದು ಬಂದ್ರು. ಮಾರನೇ ದಿನವೇ ಚಾರಿಕ್ ಮನೆಗೆ ಬಂದು ಎಲ್ಲರ ಸಹಿ ಒಂದೇ ಕೂತಲ್ಲಿ ತಗೊಂಡ್ರು. ಕಾರ್ಯಕ್ಕೆ ಎಲ್ಲಾ ಸೇರಿರ್ತಾರಲ್ಲ, ಆ ಸಮಯ ಬಿಡ್ಬೇಡಿ, ಸ್ಟಾಂಪು ಮೊದಲೇ ತಂದಿಟ್ಕೊಳಿ, ಅಂಚೆ ಕಚೇರಿಲಿ ಸಿಗುತ್ತೆ. ಸಾಕ್ಷಿಗಳ ಗುರುತಿನ ಚೀಟಿ ನಕಲೂ ಇರ್ಲಿ.

ಇನ್ನು ಗಡಿ. ಪಿಟಿಎಸ್‌ಎಲ್‌ಗೆ ಅಕ್ಕಪಕ್ಕದ ಜಮೀನಿನೋರು ನಿಂತು ಗಡಿ ಒಪ್ಪಿ ಸಹಿ ಹಾಕ್ಬೇಕು. ನಮ್ಮ ತೋಟದ ಗಡಿಗೆ ಕೆಂಪೆಲೆಯ ಅಂದೊಂಗ್ ಗಿಡದ ಸಾಲು, ಹಳೇ ಕಾಲದಿಂದ ಅದೇ ಗುರುತು. ಮೂರು ಕಡೆಯೋರು ಒಪ್ಪಿದ್ರು. ನಾಲ್ಕನೇ ಕಡೆ ಒಂದಷ್ಟು ದೂರ ಗಿಡ ಸತ್ತುಹೋಗಿತ್ತು, ಅಲ್ಲಿ ಒಂದು ದೊಡ್ಡ ಸೆಂಗೊನ್ ಮರ, ಅದು ಯಾರದ್ದು ಅನ್ನೋದು ತಕರಾರು. ಆ ಜಮೀನಿನ ಯಜಮಾನರು ಜಕಾರ್ತಾದಲ್ಲಿ ಬಕ್ಸೊ ಅನ್ನೋ ಮಾಂಸದುಂಡೆ ಸಾರಿನ ಗಾಡಿ ಇಟ್ಕೊಂಡಿರೋರು, ಫೋನಲ್ಲಿ ಎಷ್ಟು ಮಾತಾಡಿದ್ರೂ "ಊರಿಗೆ ಬಂದಾಗ ನೋಡೋಣ" ಅಷ್ಟೇ. ಊರಿಗೆ ಬರೋದು ಅಂದ್ರೆ ಲೆಬರಾನ್‌ಗೆ, ರಂಜಾನ್ ಹಬ್ಬಕ್ಕೆ. ಪಟ್ಟಣಕ್ಕೆ ಹೋದೋರೆಲ್ಲ ಆಗ ಒಟ್ಟಿಗೆ ಊರು ಸೇರ್ತಾರೆ, ರಸ್ತೆಲಿ ಮೋಟರ್‌ಬೈಕುಗಳ ಸಾಲೇ ಸಾಲು. ಹಬ್ಬದ ದಿನ ಎಲ್ಲರೂ ಮನೆಮನೆಗೆ ಹೋಗಿ ಕ್ಷಮೆ ಕೇಳೋ ಪದ್ಧತಿ. ಅವ್ರು ನಮ್ಮ ಅತ್ತೆ ಮುಂದೆ ಬಗ್ಗಿ ಕೈಹಿಡಿದು ಕ್ಷಮೆ ಕೇಳಿದ್ರು, ಅತ್ತೆನೂ ಕೇಳಿದ್ರು, ಅದಾದ ಮೇಲೆ ಜಗಳ ಆಡೋಕೆ ಯಾರಿಗೂ ಮನಸ್ಸಿರ್ಲಿಲ್ಲ. ಮರ ಮಾರಿ ದುಡ್ಡು ಅರ್ಧರ್ಧ, ಮರ ಇದ್ದ ಜಾಗದ ಮಧ್ಯಕ್ಕೆ ಕಲ್ಲು ಅಂತ ತೀರ್ಮಾನ ಆಯ್ತು. ಗೈರುಹಾಜರಿರೋ ನೆರೆಯವರಿದ್ರೆ ಲೆಬರಾನ್ ಲೆಕ್ಕ ಹಾಕ್ಕೊಂಡೇ ಪ್ಲಾನ್ ಮಾಡಿ.

ಕಲ್ಲು ನೆಡೋ ದಿನ ಹತ್ತು ಹದಿನೈದು ಜನ ಅವರಾಗಿಯೇ ಬಂದ್ರು, ಕೂಲಿ ಕೇಳಲ್ಲ, ಊಟ ಕೊಟ್ರೆ ಸಾಕು. ಅತ್ತೆ ಮೆಕ್ಕೆಜೋಳದ ಅನ್ನ, ಟೆಂಪೆ ಅನ್ನೋ ಹುದುಗಿಸಿದ ಸೋಯಾ ಬಿಲ್ಲೆ ಕರಿದಿದ್ದು, ಉಪ್ಪುಮೀನು, ಹಲಸಿನಕಾಯಿ ಸಾರು ಮಾಡಿದ್ರು, ನಾನು ಚಿತ್ರಾನ್ನ ಮಾಡ್ದೆ, ಪಾತ್ರೆ ಖಾಲಿ ಆಯ್ತು. ಅಳತೆಯೋರು ಬಂದಾಗ ಒಂದು ಎಚ್ಚರಿಕೆ: ಸಂತೆ ದಿನ ಬೇಡ ಅಂತ ಮೊದಲೇ ಹೇಳಿ. ನಮ್ಮೂರ ಕಡೆ ಸಂತೆ ಐದು ದಿನಕ್ಕೊಮ್ಮೆ, ಆವತ್ತು ಸಾಕ್ಷಿಗಳು ಯಾರೂ ಸಿಗಲ್ಲ. ಅಳೆದಾಗ ಲೆಟರ್ ಸಿಲಿ ಇದ್ದಿದ್ದಕ್ಕಿಂತ ಕಾಫಿ ತೋಟ ಸ್ವಲ್ಪ ಕಮ್ಮಿನೇ ಬಂತು. ಗುಡ್ಡದ ಇಳಿಜಾರು, ಹಳೇ ಅಳತೆ ಕಣ್ಣಂದಾಜಿಂದು, ಹೆಚ್ಚುಕಮ್ಮಿ ಆಗೇ ಆಗುತ್ತೆ, ಗಡಿ ಸರಿ ಇದ್ರೆ ಅದಕ್ಕೆ ತಲೆಕೆಡಿಸ್ಕೋಬೇಡಿ ಅಂದ್ರು.

ಆಮೇಲೆ ಹೆಸರು, ನಕಾಶೆ, ಅಳತೆ ಎಲ್ಲಾ ಗ್ರಾಮ ಕಚೇರಿ ಬೋರ್ಡಲ್ಲಿ 14 ದಿನ ಹಾಕ್ತಾರೆ, ಯಾರಾದ್ರೂ ಆಕ್ಷೇಪ ಹೇಳೋಕೆ. ಆ ದಿನಗಳಲ್ಲಿ ಅತ್ತೆ ತೋಟಕ್ಕೆ ಹೋಗೋ ದಾರಿ ಬಿಟ್ಟು ಸುತ್ತು ಹಾಕಿ ಬೋರ್ಡು ನೋಡ್ಕೊಂಡು ಬರ್ತಿದ್ರು. ನೀವೂ ಹೋಗಿ ಹೆಸರಿನ ಒಂದೊಂದಕ್ಷರ, ಹುಟ್ಟಿದ ತಾರೀಖು ಗುರುತಿನ ಚೀಟಿ ಜೊತೆ ಹೋಲಿಸಿ ನೋಡಿ, ತಿದ್ದಿಸೋಕೆ ಅದೇ ಸುಲಭದ ಸಮಯ. ವಾರಸಿನಿಂದ ಬಂದ ಭೂಮಿಗೂ ಬಿಪಿಎಚ್‌ಟಿಬಿ ಅನ್ನೋ ತೆರಿಗೆ ಇದೆ, ಆದ್ರೆ ವಾರಸಿಗೆ ಕನಿಷ್ಠ 300 ಮಿಲಿಯನ್ ರೂಪಿಯಾ ತನಕ ವಿನಾಯ್ತಿ, ನಮ್ಮಂಥ ಸಣ್ಣ ತೋಟಕ್ಕೆ ಸೊನ್ನೆ ಬರುತ್ತೆ. ಸೊನ್ನೆ ಆದ್ರೂ ಅರ್ಜಿ ಹಾಕ್ಲೇಬೇಕು.

ಸರ್ಟಿಫಿಕೇಟ್ ಕೊಟ್ಟಿದ್ದು ಗ್ರಾಮ ಕಚೇರಿಲಿ ಎಲ್ಲರನ್ನೂ ಕೂರಿಸಿ. ಮೊದಲೆಲ್ಲ ಹಸಿರು ಪುಸ್ತಕ ಕೊಡ್ತಿದ್ರು, ಈಗ ಎಲೆಕ್ಟ್ರಾನಿಕ್ ಸರ್ಟಿಫಿಕೇಟು, 2023ರ ಡಿಸೆಂಬರಲ್ಲಿ ಶುರುವಾಗಿದ್ದು, ಕೈಗೆ ಬರೋದು ಕ್ಯೂಆರ್ ಕೋಡ್ ಇರೋ ಒಂದೇ ಹಾಳೆ. ತುಂಬಾ ಜನ ವಯಸ್ಸಾದೋರು "ಪುಸ್ತಕ ಎಲ್ಲಿ, ಇದು ಅಸಲಿನಾ" ಅಂತ ಕೇಳ್ತಾನೇ ಇದ್ರು. ಸೆಂತುಹ್ ತನಾಹ್‌ಕು ಅನ್ನೋ ಸರ್ಕಾರಿ ಆ್ಯಪ್ ಇದೆ, ಅದರಲ್ಲಿ ಇವ್ರು ಸ್ಕ್ಯಾನ್ ಮಾಡಿ ಅತ್ತೆಗೆ ತೋರ್ಸಿದ್ರು, ತೋಟದ ನಕಾಶೆ ಮೊಬೈಲಲ್ಲಿ ಬಂತು. ಅತ್ತೆ ಬೆರಳಿಟ್ಟು ಗಡಿ ಸವರಿ, ಇದು ಹಲಸಿನ ಮರದ ಮೂಲೆ ಅಂದ್ರು. ಪಾಕ್‌ದೆನೂ ತಮ್ಮ ಪಾಲಿನ ಹಾಳೆ ಹಿಡ್ಕೊಂಡು ಬಂದು ಸ್ಕ್ಯಾನ್ ಮಾಡ್ಸಿದ್ರು.

ಬುಲಿಕ್ ಪಾಲು ಕೊಳ್ಳೋದು ಅದಾದ ಮೇಲಿನ ಹೆಜ್ಜೆ. ಮಾರಾಟಕ್ಕೆ ಬರೀ ಊರಿನ ರಸೀದಿ ಸಾಲಲ್ಲ, ಪಿಪಿಎಟಿ ಅನ್ನೋ ಭೂ ಪತ್ರ ಅಧಿಕಾರಿ ಮುಂದೆ ಎಜೆಬಿ ಅನ್ನೋ ಕ್ರಯಪತ್ರ ಆಗ್ಬೇಕು. ಮಾರೋರಿಗೆ 2.5% ಆದಾಯ ತೆರಿಗೆ, ಆದ್ರೆ ಬೆಲೆ 60 ಮಿಲಿಯನ್‌ಗಿಂತ ಕಮ್ಮಿ ಇದ್ದು ಮಾರೋರ ಆದಾಯನೂ ಸಣ್ಣದಾಗಿದ್ರೆ ಬಿಡ್ತಾರೆ, ಬುಲಿಕ್‌ದು ಹಾಗೇ ಆಯ್ತು. ಇಲ್ಲಿ ನಮ್ಮ ಮದುವೆ ಒಪ್ಪಂದದ ಪ್ರತಿ ಕೇಳೇ ಕೇಳ್ತಾರೆ, ಅದು ದುಕ್‌ಚಾಪಿಲ್‌ನಲ್ಲಿ ದಾಖಲಾಗಿರೋದನ್ನೇ ತೋರಿಸ್ಬೇಕು, ಬರೀ ನೋಟರಿ ಪ್ರತಿ ಸಾಲಲ್ಲ. ಬುಲಿಕ್ ದುಡ್ಡು ಎಣಿಸಿಕೊಂಡು, ಅದರಲ್ಲೇ ಒಂದಷ್ಟು ನಮ್ಮ ಮಗಳ ಕೈಗೆ ಇಟ್ಟು, ಪ್ರತಿ ವರ್ಷ ಕಾಫಿಪುಡಿ ಮಾತ್ರ ತಪ್ಪದೆ ಕಳಿಸ್ಬೇಕು ಅಂತ ಹೇಳಿ ಲಾಂಪುಂಗ್ ಬಸ್ ಹತ್ತಿದ್ರು.

ಹಳ್ಳದ ಹತ್ರದ ಗದ್ದೆ ಇನ್ನೂ ಬಾಕಿ ಇದೆ. ಅದು ಅತ್ತೆಯ ತವರಿನ ಕಡೆಯಿಂದ ಬಂದಿದ್ದು, ಪುಸ್ತಕದಲ್ಲಿ ಅವರ ಅಪ್ಪನ ಹೆಸರಿದೆ, ಮತ್ತೆ ಎರಡು ಹೆಸರಿನ ಕಥೆ. ಈ ಸಲ ಅತ್ತೆನೇ ಮುಂದಾಗಿ ತಮ್ಮ ಅಣ್ಣನನ್ನ ಕೂರಿಸ್ಕೊಂಡು ಅವರಪ್ಪನ ಹಳೇ ಹೆಸರು, ಗಡಿ ಗುರುತು ಎಲ್ಲಾ ಹೇಳ್ಸಿ ನನ್ನ ಕೈಲಿ ನೋಟ್‌ಬುಕ್ಕಲ್ಲಿ ಬರೆಸಿದ್ದಾರೆ, ಮುಂದಿನ ಊರ ಮೀಟಿಂಗಲ್ಲಿ ಹೆಸರು ಕೊಡೋದು ಅಂತ ಮಾತಾಗಿದೆ. ಅಪೊಸ್ಟಿಲ್ ಬಗ್ಗೆ, ಮದುವೆ ಒಪ್ಪಂದದ ಬಗ್ಗೆ ಯಾರಿಗಾದ್ರೂ ಇನ್ನೂ ಕೇಳೋದಿದ್ರೆ ಕೇಳಿ, ಗೊತ್ತಿರೋದು ಹೇಳ್ತೀನಿ.